ರಿವರ್ಸ್ ಇಲ್ಲದ ದಾರಿ

ನನ್ನ ಹೆಸರು ತೌನೊ ಕಂಗಸ್. ಜಲ್ಲಿ ಲಾರಿಯವನು. ಮಿಷಿಗನ್ನಿನ ಈ ಮೇಲ್ತುದಿಯಲ್ಲಿ ನಲವತ್ತು ವರ್ಷದಿಂದ ನಾನು ಸುರಿದ ಜಲ್ಲಿಯನ್ನೆಲ್ಲ ಒಂದೇ ಕಡೆ ಸುರಿದಿದ್ದರೆ ಸುಪೀರಿಯರ್ ಸರೋವರ ತುಂಬಿಹೋಗಿ ಜನ ಕೆನಡಾಕ್ಕೆ ನಡೆದೇ ಹೋಗುತ್ತಿದ್ದರು. ಒಮ್ಮೆ ನಮ್ಮ ಪಾದ್ರಿಗಳ ಅಂಗಳದಲ್ಲಿ ಒಂದು ಬೆಕ್ಕು ಮಲಗಿತ್ತು. ಅದಕ್ಕೆ ಎಚ್ಚರವಾಗದ ಹಾಗೆ ಸುತ್ತ ಎಂಟು ಟನ್ ಹರಡಿ ಬಂದೆ. ಎದ್ದ ಬೆಕ್ಕು ತಾನು ಬೇರೆ ಊರಿಗೆ ಬಂದಿದ್ದೇನೆ ಅಂದುಕೊಂಡು ವಾರಗಟ್ಟಲೆ ಅತ್ತಿತಂತೆ. ಲಾರಿಯನ್ನು ಹಿಂದಕ್ಕೆ ಬಿಡುವುದರಲ್ಲಂತೂ ನನ್ನ ಸಮಾನ ಯಾರೂ ಇಲ್ಲ. ಮುಂದಕ್ಕೆ ಓಡಿಸುವುದು ನನಗೆ ಬೇಜಾರಿನ ಕೆಲಸ.

ಇದನ್ನೆಲ್ಲ ಮೊದಲೇ ಹೇಳಿಬಿಡುತ್ತಿದ್ದೇನೆ. ಮುಂದಿನದನ್ನು ಓದಿ ಇವನಿಗೆ ಕೆಲಸ ಬರುತ್ತಿರಲಿಲ್ಲ ಅಂತ ಯಾರೂ ಅನ್ನಬಾರದು. ಬರುತ್ತಿತ್ತು.

ನನ್ನ ಅಕ್ಕ ಲೆಂಪಿ ನನಗಿಂತ ಐದು ವರ್ಷ ದೊಡ್ಡವಳು. ಅವಳ ಗಂಡ ಓನ್ನಿ ಕಬ್ಬಿಣದ ಗಣಿಯಲ್ಲಿ ಮೂವತ್ತೊಂದು ವರ್ಷ ಕೆಂಪು ಧೂಳು ಕುಡಿದವರು. ಆ ಮಾರ್ಚ್ ಹೊತ್ತಿಗೆ ಭಾವನ ಎದೆ ತೂತುಬಿದ್ದ ತಿದಿಯಂತಾಗಿತ್ತು. ಎರಡು ಮಾತು ಆಡಿದರೆ ನಿಂತು ಗಾಳಿ ತುಂಬಿಕೊಳ್ಳಬೇಕು. ಡುಲೂತಿನ ದೊಡ್ಡಾಸ್ಪತ್ರೆಯವರು ಮೇ ಹತ್ತಕ್ಕೆ ಬರಹೇಳಿದ್ದರು. ಶ್ವಾಸಕೋಶದ ಒಂದು ಭಾಗ ಕತ್ತರಿಸಿ ನೋಡೋಣ ಎಂದಿದ್ದರು. ಆ 'ನೋಡೋಣ' ಅನ್ನುವ ಮಾತಿನ ಅರ್ಥ ಭಾವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಕ್ಕ ಮಾತ್ರ ಅದಕ್ಕೆ ನೋಡುವುದು ಎಂದೇ ಅರ್ಥ ಮಾಡಿಕೊಂಡಿದ್ದಳು.

ಭಾವ ಕರೆದರೆಂದು ಹೋದರೆ ಅಡಿಗೆಮನೆಯ ಮೇಜಿನ ತುಂಬ ಚೌಕುಳಿ ಕಾಗದ ಹಾಸಿತ್ತು. ಅದರ ಮೇಲೆ ಅವರ ಮನೆ, ಗ್ಯಾರೇಜು, ಹಿಂದುಗಡೆ ಬಿಸಿ ಹಬೆಯಲ್ಲಿ ಮೀಯುವ ಸೌನಾ ಮನೆ, ಅದರಾಚೆಯ ಸ್ಪ್ರೂಸ್ ಮರಗಳು ಎಲ್ಲ ಪೆನ್ಸಿಲ್ಲಿನಲ್ಲಿ ಬರೆದಿದ್ದರು. ಒಂದು ಚೌಕಕ್ಕೆ ಎರಡು ಅಡಿ ಲೆಕ್ಕ. ರಟ್ಟು ಕತ್ತರಿಸಿ ಮಾಡಿದ ಒಂದು ಪಿಕಪ್ ಗಾಡಿ, ಅದರ ಹಿಂದೆ ರಟ್ಟಿನದೇ ಟ್ರೇಲರ್, ಎರಡನ್ನೂ ಸೇರಿಸಿ ಚುಚ್ಚಿದ ಒಂದು ಗುಂಡುಪಿನ್ನು.

"ಬಾರೋ ತೌನೊ," ಎಂದರು ಭಾವ. "ನಿನ್ನ ಲಾರಿ... ಬೇಕಾಗಿದೆ."

"ಲಾರಿ ಜೊತೆ ನಾನು ಪುಕ್ಕಟೆ ಬರ್ತೀನಿ ಭಾವ."

ಒಲೆಯ ಹತ್ತಿರ ನಿಂತಿದ್ದ ಅಕ್ಕ ತಿರುಗಿಯೂ ನೋಡಲಿಲ್ಲ. "ಎರಡು ವಾರದಿಂದ ಬೊಂಬೆ ಆಟ ಆಡ್ತಾ ಕೂತಿದಾರೆ ನಿಮ್ಮ ಭಾವ. ಆಟಕ್ಕೆ ನೀನೊಬ್ಬ ಕಡಿಮೆ ಇದ್ದೆ. ಬಂದ್ಯಲ್ಲ, ಇನ್ನು ಕಾಫಿ ಕುಡೀತಾ ಸಂಜೆ ತನಕ ಆಡಿ."

ಅವರದು ಇಪ್ಪತ್ನಾಲ್ಕು ಅಡಿಯ ಟ್ರೇಲರ್. ಒಳಗೆ ಮಂಚ, ಒಲೆ, ಮೇಜು ಎಲ್ಲ ಇದೆ. ಪ್ರತಿ ಬೇಸಿಗೆ ಅದನ್ನು ಪಿಕಪ್ಪಿಗೆ ಸಿಕ್ಕಿಸಿಕೊಂಡು ನಲವತ್ತು ಮೈಲಿ ಆಚೆ, ನದಿ ಸರೋವರ ಸೇರುವ ಕಡೆ ಮೂರು ವಾರ ಇದ್ದು ಬರುತ್ತಿದ್ದರು. ತೊಂದರೆ ಇದ್ದದ್ದು ಮನೆಗೆ ವಾಪಸು ಬಂದಾಗ. ಅಂಗಳದಲ್ಲಿ ಅಷ್ಟುದ್ದದ ಗಾಡಿ ತಿರುಗಿಸಲು ಜಾಗವಿಲ್ಲ. ಆದ್ದರಿಂದ ಹೆದ್ದಾರಿಗೆ ಅಡ್ಡ ನಿಂತು ಟ್ರೇಲರನ್ನು ಹಿಂದು ಹಿಂದಕ್ಕೆ ಒಳಗೆ ತಳ್ಳಬೇಕು. ಮನೆಯ ಮುಂದಿನ ದಿಣ್ಣೆಯಿಂದ ಮರದ ದಿಮ್ಮಿ ಹೇರಿದ ಲಾರಿಗಳು ಇಳಿಯುವ ವೇಗ ನೋಡಿದರೆ ಹಿಂದೆ ಅವರಪ್ಪ ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದಾನೆ ಅನ್ನಬೇಕು. ಅಕ್ಕ ರಸ್ತೆ ಮಧ್ಯೆ ನಿಂತು ಕೆಂಪು ಟವೆಲ್ ಬೀಸುವಳು, ಭಾವ ಹಿಂದಕ್ಕೆ ಬಿಡುವರು. ಒಂಬತ್ತು ವರ್ಷ ಹಾಗೇ ನಡೆದಿತ್ತು. ಅಕ್ಕ ಪಿಕಪ್ ಓಡಿಸುತ್ತಾಳೆ, ಆದರೆ ಟ್ರೇಲರನ್ನು ಹಿಂದಕ್ಕೆ ಬಿಡಲು ಒಂದೇ ಸಲ ಪ್ರಯತ್ನಪಟ್ಟು ಗ್ಯಾರೇಜಿನ ಬಾಗಿಲು ಮುರಿದಿದ್ದಳು.

"ಎಡಕ್ಕೆ ತಿರುಗ್ಸಿದ್ರೆ ಬಲಕ್ಕೆ ಹೋಗುತ್ತೆ, ಬಲಕ್ಕೆ ತಿರುಗ್ಸಿದ್ರೆ ಎಡಕ್ಕೆ," ಎಂದಳು ಅಕ್ಕ ಈಗಲೂ. "ನಮ್ಮ ತೌನೊಗೆ ಚಕ್ರ ಹಾಕಿದ ಹಾಗೆ."

ಅವಳು ಸೌನಾಕ್ಕೆ ಸೌದೆ ಇಡಲು ಹೊರಗೆ ಹೋದಳು. ಭಾವ ಕಿಟಕಿಯಲ್ಲಿ ಅವಳ ಬೆನ್ನನ್ನೇ ನೋಡುತ್ತ ಮೆಲ್ಲಗೆ ಹೇಳಿದರು.

"ನಿಮ್ಮಮ್ಮ... ನಿಮ್ಮಪ್ಪ ಹೋದ ಮೇಲೆ... ಹನ್ನೆರಡು ವರ್ಷ ಅಂಗಳ ದಾಟ್ಲಿಲ್ಲ. ಇವಳೂ ಅವರ... ಮಗಳೇ ತಾನೆ? ಬಾಗಿಲು ಹಾಕ್ಕೊಂಡು... ಕೂತ್ಬಿಡ್ತಾಳೆ." ಉಸಿರು ತುಂಬಿಕೊಂಡರು. "ಒಬ್ಳೇ ಟ್ರೇಲರ್ ಸಿಕ್ಕಿಸ್ಕೊಂಡು... ಸರೋವರಕ್ಕೆ ಹೋಗೋ ಹಾಗೆ ಆಗ್ಬೇಕು. ಮುಂದಕ್ಕೇ ಹೋಗಿ... ಮುಂದಕ್ಕೇ ಬರ್ಬೇಕು. ರಿವರ್ಸು ಗಿವರ್ಸು ಇರ್ಬಾರ್ದು. ಟವೆಲ್ ಬೀಸೋಕೆ... ಯಾರೂ ಬೇಕಾಗ್ಬಾರ್ದು. ಅವಳು ಒಂದು ಸುತ್ತು ಬರೋದನ್ನ... ಕಣ್ಣಾರೆ ನೋಡಿ ನಾನು ಡುಲೂತಿಗೆ ಹೋಗ್ತೀನಿ."

ನಾನು ಕುರ್ಚಿಯನ್ನು ಕಾಗದದ ಹತ್ತಿರಕ್ಕೆ ಎಳೆದುಕೊಂಡೆ.

ಅವರು ರಟ್ಟಿನ ಗಾಡಿಯನ್ನು ಕಾಗದದ ಮೇಲೆ ಓಡಿಸಿ ತೋರಿಸಿದರು. ರಸ್ತೆಯಿಂದ ಒಂದು ದಾರಿ ಗ್ಯಾರೇಜಿನ ಪಕ್ಕ ಒಳಗೆ ಬಂದು, ಮನೆಯ ಹಿಂದೆ ಉಂಗುರವಾಗಿ, ಸೌನಾದ ಬೆನ್ನಿನಿಂದ ಸುತ್ತಿ, ಮತ್ತೆ ಅದೇ ದಾರಿಗೆ ಬಂದು ಕೂಡುತ್ತದೆ. ಗಾಡಿ ಉಂಗುರ ಸುತ್ತಿ ಬಂದರೆ ಮುಖ ತಾನಾಗಿಯೇ ರಸ್ತೆಯ ಕಡೆಗೆ. ತಿರುವಿನಲ್ಲಿ ಟ್ರೇಲರಿನ ಹಿಂಭಾಗ ಎಷ್ಟು ಹೊರಗೆ ಬೀಸುತ್ತದೆ, ಸೌನಾದ ಮೂಲೆಗೆ ಎಷ್ಟು ಅಂತರ ಉಳಿಯುತ್ತದೆ ಎಂದು ಅಲ್ಲಲ್ಲೇ ಬರೆದಿದ್ದರು. ಅದಕ್ಕೆ ಹನ್ನೊಂದು ಸ್ಪ್ರೂಸ್ ಕಡಿದು ಬುಡ ಕೀಳಬೇಕು, ಮೂವತ್ತು ಲಾರಿ ಜಲ್ಲಿ ಬೇಕು.

"ಮೂವತ್ತೇನು ಭಾವ, ಮುನ್ನೂರು ತರ್ತೀನಿ," ಎಂದೆ.

ಆದರೆ ಅದು ಹಿಮ ಕರಗುವ ಕಾಲ. ರಸ್ತೆಯ ಹೊಟ್ಟೆ ಮೆತ್ತಗಾಗಿರುತ್ತದೆ ಎಂದು ಮೇ ಮುಗಿಯುವ ತನಕ ಭಾರದ ಗಾಡಿಗಳು ಅರ್ಧ ಲೋಡು ಮಾತ್ರ ಹೊರಬೇಕು, ಇದು ನಮ್ಮ ಕಡೆಯ ಕಾನೂನು. ಮೂವತ್ತು ಎಂದರೆ ಅರವತ್ತಾಯಿತು. ಮೇಲೆ ಹನ್ನೊಂದು ಬುಡ. ನೆಲ ಇನ್ನೂ ಮಂಜುಗಟ್ಟಿ ಕಲ್ಲಾಗಿತ್ತು. ಮೇ ಹತ್ತರೊಳಗೆ ಆಗದ ಮಾತು. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ನಾನು ತೌನೊ ಹೇಗಾದೇನು?

ಮಾರನೆಯ ದಿನ ಅಂಗಳಕ್ಕೆ ಹೋಗಿ ನಿಂತೆ. ಎಲ್ಲೆಲ್ಲೂ ಮೊಣಕಾಲುದ್ದ ಹಿಮ. ಆದರೆ ಮನೆಗೂ ಸೌನಾಕ್ಕೂ ನಡುವೆ ಒಂದು ಅಗಲ ಪಟ್ಟಿಯಲ್ಲಿ ಹಿಮವೇ ಇರಲಿಲ್ಲ. ನೆಲ ಕಾಣುತ್ತಿತ್ತು. ಅಲ್ಲಲ್ಲಿ ಹುಲ್ಲು ಹಸಿರಾಗಿಯೂ ಇತ್ತು. ನಾನು ಸಂತೋಷದಿಂದ ಸೀಟಿ ಹೊಡೆದೆ. ಸೂರ್ಯ ನೇರ ಬೀಳುವ, ಒಣಗಿದ ಗಟ್ಟಿ ನೆಲ! ಸೌನಾದ ಹಿಂದೆ ಹೋಗುವ ಬದಲು ಅದರ ಮುಂದೆಯೇ ತಿರುಗಿಸಿಬಿಟ್ಟರೆ ಮರ ಕಡಿಯಬೇಕಾಗಿಲ್ಲ, ಜಲ್ಲಿಯೂ ಅರ್ಧ ಸಾಕು. ತೋಟದ ನೀರಿನ ಪೈಪು ತಂದು ಉಂಗುರದ ಗೆರೆಗೆ ಸರಿಯಾಗಿ ನೆಲದ ಮೇಲೆ ಹಾಸಿದೆ. ಕಣ್ಣಳತೆಯಲ್ಲೇ ಹಾಸಿದ್ದು. ಆಮೇಲೆ ಟೇಪು ಹಿಡಿದರೆ ಅರ್ಧ ಅಂಗುಲವೂ ವ್ಯತ್ಯಾಸ ಬರಲಿಲ್ಲ, ಬೇಕಾದರೆ ಯಾರನ್ನಾದರೂ ಕೇಳಿ.

ಭಾವ ಕೋಟು ಹೊದ್ದು, ಹಳೆಯ ಸ್ಕೀ ಕೋಲು ಊರಿಕೊಂಡು ಹೊರಗೆ ಬಂದರು. ಆ ಗೆರೆ ನೋಡಿ ತಲೆಯಾಡಿಸಿದರು.

"ಅಲ್ಲಿ ಬೇಡ್ವೋ... ಎಪ್ಪತ್ತೆರಡ್ರಲ್ಲಿ..."

"ಎಪ್ಪತ್ತೆರಡ್ರಲ್ಲಿ ನೀವಲ್ಲಿ ಆಲೂಗಡ್ಡೆ ಹಾಕಿದ್ರಿ. ಗೊತ್ತು ಭಾವ. ಚಳಿಗೆ ಎಲ್ಲ ಸತ್ವು, ಪಾಪ."

"ಆಲೂಗಡ್ಡೆ ಅಲ್ಲ... ಅಲ್ಲಿ ಪೈ..."

"ಪೈನ್ ಮರದ ಬುಡ! ಅಷ್ಟೇ ತಾನೆ? ಇಪ್ಪತ್ತು ವರ್ಷದಲ್ಲಿ ಪೈನ್ ಬುಡ ಕೊಳೆತು ಗೊಬ್ಬರ ಆಗಿರುತ್ತೆ. ಒಂದು ಕೈ ಹೆಚ್ಚು ಜಲ್ಲಿ ಹಾಕಿದ್ರೆ ಮುಗೀತು. ನೀವು ಒಳಗೆ ಹೋಗಿ ಬೆಚ್ಚಗೆ ಕೂತ್ಕೊಳಿ, ನನಗೆ ಬಿಡಿ."

ಅವರಿಗೆ ಕೆಮ್ಮು ಹತ್ತಿತು. ಕೋಲಿನ ಮೇಲೆ ಬಾಗಿ ಕೆಮ್ಮುತ್ತಲೇ ಒಂದು ಕೈ ಬೀಸಿದರು. ಒಪ್ಪಿಗೆ ಎಂದುಕೊಂಡೆ.

ಆ ವಾರವೇ ಜ್ವರ ಏರಿ ಅವರನ್ನು ನಮ್ಮೂರಿನ ಸಣ್ಣ ಆಸ್ಪತ್ರೆಗೆ ಸೇರಿಸಿದರು. ನಾಲ್ಕು ವಾರ ಅಲ್ಲಿದ್ದರು. ಅವರು ಬರುವುದರೊಳಗೆ ಮುಗಿಸಿ ಬೆರಗುಗೊಳಿಸಬೇಕೆಂದು ನಾನು ದಿನಕ್ಕೆ ಎರಡು ಅರ್ಧ ಲೋಡು ತಂದು, ಹರಡಿ, ಲಾರಿಯನ್ನೇ ಹಿಂದೆ ಮುಂದೆ ಓಡಿಸಿ ಅದುಮಿದೆ. ಅಂಥ ಉಂಗುರ ಅಧ್ಯಕ್ಷರ ಮನೆಗೂ ಇರಲಿಕ್ಕಿಲ್ಲ. ಒಂದು ಕಡೆ ಮಾತ್ರ, ಆ ಪಟ್ಟಿಯ ನಡುವೆ, ಲಾರಿಯ ಚಕ್ರ ಸ್ವಲ್ಪ ಇಳಿದಂತಾಯಿತು. ಪೈನ್ ಬುಡ ಎಂದು ಇನ್ನೊಂದಿಷ್ಟು ಜಲ್ಲಿ ಸುರಿದೆ. ಆಮೇಲೆ ಲಾರಿಯನ್ನು ಅತ್ತ ಒಯ್ಯಲಿಲ್ಲ.

ಅಕ್ಕನಿಗೂ ಆಸೆ ಹುಟ್ಟಿತ್ತು. ದಿನಾ ಆಸ್ಪತ್ರೆಯಿಂದ ಬಂದು, ಕೋಟೂ ಬಿಚ್ಚದೆ, ಬರೀ ಪಿಕಪ್ಪಿನಲ್ಲಿ ಎರಡು ಸುತ್ತು ಹೊಡೆಯುವಳು. ಭಾವ ಮನೆಗೆ ಬಂದ ದಿನವೂ ಹೊಡೆದಳು. ಭಾವ ಜಗಲಿಯಲ್ಲಿ ನಿಂತು ಜಲ್ಲಿ ಬಿದ್ದ ಜಾಗವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಗಟ್ಟಿ... ಇದೆಯೇನೋ?"

ನಾನು ಅಲ್ಲೇ ಎರಡು ಕಾಲೂ ಎತ್ತಿ ಕುಪ್ಪಳಿಸಿ ತೋರಿಸಿದೆ. "ಆನೆ ಮೇಲೆ ಆನೆ ನಿಲ್ಲಿಸಿ ಭಾವ!"

ಅವರು ಇನ್ನೇನೋ ಹೇಳಲು ಉಸಿರು ತುಂಬಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅಕ್ಕ ಕಿಟಕಿ ಇಳಿಸಿ, "ನೋಡಿ ಇಲ್ಲಿ, ಒಂದೇ ಕೈಯಲ್ಲಿ!" ಎಂದು ಕೂಗಿ ಸ್ಟಿಯರಿಂಗ್ ಬಿಟ್ಟು ಒಂದು ಕೈ ಬೀಸಿದಳು. ಭಾವನ ಮುಖ ಅರಳಿತು. ತುಂಬಿಕೊಂಡ ಉಸಿರನ್ನು ಹಾಗೇ ಬಿಟ್ಟುಬಿಟ್ಟರು.

ಮೇ ಒಂಬತ್ತು. ಡುಲೂತಿಗೆ ಹೊರಡುವ ಹಿಂದಿನ ದಿನ. ಭಾವನನ್ನು ಕೌದಿ ಸುತ್ತಿ ಸೌನಾದ ಮೆಟ್ಟಿಲ ಹತ್ತಿರ ಕುರ್ಚಿಯಲ್ಲಿ ಕೂರಿಸಿದೆವು. ಅಕ್ಕ ತಾನೇ ಕೊಂಡಿ ಸಿಕ್ಕಿಸಿದಳು, ಸರಪಳಿ ಹಾಕಿದಳು, ಹಿಂದಿನ ದೀಪ ಉರಿಯುತ್ತದೆಯೋ ನೋಡಿದಳು. ನಾನು ಸಹಾಯಕ್ಕೆ ಹೋದರೆ ಮೊಣಕೈಯಿಂದ ತಳ್ಳಿದಳು.

"ದೂರ ನಿಂತ್ಕೊ. ನೀನು ಕೈ ಹಾಕಿದ್ರೆ ಊರೆಲ್ಲ ನಾನೇ ಮಾಡ್ದೆ ಅಂತ ಹೇಳ್ಕೊಂಡು ಬರ್ತೀಯ."

ಗಾಡಿ ಹೊರಟಿತು. "ಅಗಲಕ್ಕೆ ತಗೋ ಅಕ್ಕಾ, ಅಗಲಕ್ಕೆ!" ಎಂದೆ. ತೆಗೆದುಕೊಂಡಳು. ಟ್ರೇಲರಿನ ಬಾಲ ಸೌನಾದ ಮೂಲೆಯನ್ನು ಒಂದು ಗೇಣು ಬಿಟ್ಟು ಬೀಸಿಕೊಂಡು ಹೋಯಿತು. ಭಾವ ಕೌದಿಯೊಳಗಿಂದ ಒಂದು ಬೆರಳು ಎತ್ತಿದರು. ಅರ್ಧ ಸುತ್ತು ಆಯಿತು. ಗಾಡಿ ಮೊದಲು ಹಸಿರಾಗಿದ್ದ ಆ ಪಟ್ಟಿಯ ಮೇಲೆ ಬಂತು.

ಸದ್ದು ದೊಡ್ಡದೇನಲ್ಲ. ಬಾವಿಗೆ ಕುಂಬಳಕಾಯಿ ಬಿದ್ದಂತೆ ಗುಳುಕ್ ಎಂದಿತು. ಟ್ರೇಲರ್ ಬಲಕ್ಕೆ ವಾಲಿತು. ಒಳಗಿದ್ದ ತಟ್ಟೆ ಲೋಟಗಳೆಲ್ಲ ಒಟ್ಟಿಗೆ ಜಾರಿದ್ದು ಕೇಳಿಸಿತು. ಅಕ್ಕ ಗಾಬರಿಯಲ್ಲಿ ಇನ್ನಷ್ಟು ವೇಗ ಕೊಟ್ಟಳು. ಚಕ್ರಗಳು ಅಚ್ಚಿನ ತನಕ ಇಳಿದವು, ಕೊಂಡಿ ತಿರುಚಿಕೊಂಡು ಪಿಕಪ್ಪಿನ ಹಿಂಭಾಗವನ್ನೂ ಎಳೆದು ಕೂರಿಸಿತು. ನನ್ನ ಬಿಳಿ ಜಲ್ಲಿಯ ಸಂದಿಯಿಂದ ಕಪ್ಪು ನೀರು ಮೇಲೆ ಬಂತು. ಆಮೇಲೆ ವಾಸನೆ ಬಂತು.

ಅಕ್ಕ ಕೆಳಗಿಳಿದಳು. ಬೂಟು ಕಣಕಾಲಿನವರೆಗೆ ಮುಳುಗಿತು.

"ಏನೋ ತೌನೊ ಇದು?"

ನಾನು ಉತ್ತರ ಕೊಡುವ ಮೊದಲೇ ಕುರ್ಚಿಯಿಂದ ಒಂದು ಮಾತು ಬಂತು.

"ಪೈಪು," ಎಂದರು ಭಾವ.

ಎಪ್ಪತ್ತೆರಡರ ಬೇಸಿಗೆಯಲ್ಲಿ ನಾನು ಅದೊಂದು ಸಲ ಲಾರಿ ನಿಲ್ಲಿಸಿ ಅದಿರು ಹಡಗಿನ ಕೆಲಸಕ್ಕೆ ಹೋಗಿದ್ದೆ, ಅಕ್ಕ ಕಾಯಿಲೆ ಬಿದ್ದ ಚಿಕ್ಕಮ್ಮನನ್ನು ನೋಡಿಕೊಳ್ಳಲು ಡೆಟ್ರಾಯಿಟಿನಲ್ಲಿದ್ದಳು. ಆಗ ಭಾವ ಒಬ್ಬರೇ ನೆಲ ಅಗೆದು ಮನೆಯ ಕಕ್ಕಸು ಬಚ್ಚಲಿನ ನೀರಿಗೆ ಹೊಸ ಇಂಗುಗುಂಡಿ ಮಾಡಿ, ಅದರಿಂದ ತೂತಿನ ಪೈಪುಗಳನ್ನು ಅಲ್ಲೇ ಹಾಸಿದ್ದರು. ಹಳೆಯದೇ ಇದೆ, ಗ್ಯಾರೇಜಿನ ಆಚೆ ಇದೆ ಎಂದು ನಾನೂ ಅಕ್ಕನೂ ತಿಳಿದಿದ್ದೆವು. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ ಇದು. ವಸಂತದಲ್ಲಿ ಹಿಮ ಮೊದಲು ಕರಗುವುದು ಇಂಗುಗುಂಡಿಯ ಮೇಲೆ. ಮನೆಯ ಬಿಸಿನೀರೆಲ್ಲ ಅಡಿಯಲ್ಲಿ ಹರಿಯುತ್ತದೆ, ಹುಲ್ಲು ಮೊದಲು ಹಸಿರಾಗುತ್ತದೆ. ನೂರು ಮನೆಯ ಅಂಗಳದಲ್ಲಿ ನಾನೇ ಬೆರಳು ಮಾಡಿ ತೋರಿಸಿ, ಇಲ್ಲಿ ಗಾಡಿ ತರಬೇಡಿ ಎಂದವನು. ಅಕ್ಕನ ಅಂಗಳದಲ್ಲಿ ಅದನ್ನೇ ನೋಡಿ ಸೀಟಿ ಹೊಡೆದಿದ್ದೆ.

"ಲೋಕದಲ್ಲೆಲ್ಲ ಜಲ್ಲಿ ಸುರಿದೋನು," ಎಂದಳು ಅಕ್ಕ, "ಕೊನೆಗೆ ನನ್ನ ಕಕ್ಕಸಿನ ಮೇಲೆ ಬಂದು ಸುರಿದ್ಯಲ್ಲೋ ಪುಣ್ಯಾತ್ಮ!" ಎಂದು ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ ಭಾವನ ಕಡೆ ತಿರುಗಿದಳು.

ಭಾವ ನಗುತ್ತಿರಲಿಲ್ಲ. ಎತ್ತಿದ ಬೆರಳು ಇನ್ನೂ ಹಾಗೇ ಇತ್ತು. ಅದನ್ನು ಇಳಿಸಲು ಮರೆತಿದ್ದರು. ಅಕ್ಕ ಹೋಗಿ ಆ ಕೈಯನ್ನು ಹಿಡಿದು ಕೌದಿಯೊಳಗೆ ಇಟ್ಟಳು.

ಮಾರನೆಯ ಬೆಳಿಗ್ಗೆ ಪಿಕಪ್ಪು ಟ್ರೇಲರಿಗೆ ಕಚ್ಚಿಕೊಂಡು ಕೆಸರಿನಲ್ಲೇ ಇತ್ತು. ನನ್ನ ಕಾರಿನ ಎಂಜಿನ್ನು ಬಿಚ್ಚಿ ಗ್ಯಾರೇಜಿನ ನೆಲದ ಮೇಲೆ ಹರಡಿತ್ತು. ಅದರ ಕಥೆ ಬೇರೆ. ಭಾವ ಡುಲೂತಿಗೆ ಹೋದದ್ದು ನನ್ನ ಜಲ್ಲಿ ಲಾರಿಯಲ್ಲಿ, ನನಗೂ ಅಕ್ಕನಿಗೂ ನಡುವೆ ಕೂತು. ಮೂರು ಗಂಟೆಯ ದಾರಿ. ನಾನು ಒಂದೂ ಮಾತಾಡಲಿಲ್ಲ. ಅವರು ಏನು ಹೇಳುವುದಿದ್ದರೂ ಪೂರ್ತಿ ಹೇಳಲಿ ಎಂದು ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಒಂದು ಗಂಟೆಯಾದ ಮೇಲೆ ಭಾವ, "ನೀನು ಸುಮ್ಮನಿದ್ರೆ... ಭಯ ಆಗುತ್ತೆ ಕಣೋ," ಎಂದರು.

ಆದರೂ ನಾನು ಸುಮ್ಮನಿದ್ದೆ. ಅಕ್ಕ ಅವರ ಭುಜಕ್ಕೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಸರೋವರ ಕಾಣಿಸಿತು. ದಡದಲ್ಲಿ ಇನ್ನೂ ಕೊಳಕು ಹಿಮಗಡ್ಡೆಗಳು ತೇಲುತ್ತಿದ್ದವು.

"ಅರ್ಧ ಸುತ್ತು... ಚೆನ್ನಾಗೇ ತಿರುಗ್ಸಿದ್ಲು," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಇನ್ನು ಉಳಿದಿದ್ದು..." ಎಂದರು.

ಕಾದೆ. ಒಂದು ಊರು ದಾಟಿತು, ಒಂದು ಸೇತುವೆ ದಾಟಿತು. ಅವರ ಬಾಯಿ ಸ್ವಲ್ಪ ತೆರೆದೇ ಇತ್ತು. ಡುಲೂತಿನ ಬೆಟ್ಟದ ಮೇಲಿನ ಮನೆಗಳು ಕಾಣುವ ತನಕ ಕಾದೆ. ಉಳಿದ ಮಾತು ಬರಲಿಲ್ಲ.

ಶಸ್ತ್ರಚಿಕಿತ್ಸೆಯಾದ ಹದಿನಾರನೆಯ ದಿನ ಭಾವ ತೀರಿಕೊಂಡರು. ಚರ್ಚಿನ ಕೆಳಗಿನ ಕೋಣೆಯಲ್ಲಿ ಎಲ್ಲರೂ ಕಾಫಿ ಕುಡಿದು ಏಲಕ್ಕಿ ಬ್ರೆಡ್ಡು ತಿಂದರು. ಯಾರೋ ನನ್ನ ಬೆನ್ನು ತಟ್ಟಿ, "ಒಂದು ಕಥೆ ಹೇಳೋ ತೌನೊ, ಓನ್ನಿಗೆ ನಿನ್ನ ಕಥೆ ಅಂದ್ರೆ ಇಷ್ಟ," ಎಂದರು. ಬೆಕ್ಕಿನ ಕಥೆ ಶುರು ಮಾಡಿದೆ. ಎಷ್ಟು ಟನ್ ಎನ್ನುವುದು ಮರೆತುಹೋಯಿತು.

ಜೂನ್‌ನಲ್ಲಿ ಪೂರ್ತಿ ಲೋಡು ಹೊರಲು ಅಪ್ಪಣೆ ಸಿಕ್ಕಿತು. ಟ್ರೇಲರನ್ನು ಎಳೆಸಿ, ತಿರುಚಿದ ಕೊಂಡಿ ಬದಲಿಸಿದೆ. ನನ್ನ ಜಲ್ಲಿಯನ್ನೆಲ್ಲ ಗೋರಿ ತೆಗೆದು, ಒಡೆದ ಪೈಪು ಹೊಸದು ಹಾಕಿಸಿ, ಮೇಲೆ ಹುಲ್ಲಿನ ಬೀಜ ಚೆಲ್ಲಿದೆ. ಆಮೇಲೆ ಅಕ್ಕನ ಹತ್ತಿರ ಆ ಚೌಕುಳಿ ಕಾಗದ ಕೇಳಿ ತಂದೆ. ಹನ್ನೊಂದು ಸ್ಪ್ರೂಸ್ ಕಡಿದೆ, ಹನ್ನೊಂದು ಬುಡ ಕಿತ್ತೆ. ಕಣ್ಣಳತೆ ಬಿಟ್ಟೆ. ಪ್ರತಿ ಎರಡು ಅಡಿಗೆ ಗೂಟ ಹೊಡೆದು, ಪ್ರತಿ ಚೌಕವನ್ನು ಎರಡೆರಡು ಸಲ ಅಳೆದೆ. ಮುಗಿದ ದಿನ ನಾನೇ ಟ್ರೇಲರ್ ಸಿಕ್ಕಿಸಿಕೊಂಡು ಸುತ್ತಿದೆ. ಸೌನಾದ ಮೂಲೆಗೆ ಮೂರು ಅಡಿ ಉಳಿಯುತ್ತದೆ ಎಂದು ಭಾವ ಬರೆದಿದ್ದರು. ಇಳಿದು ಅಳೆದೆ. ಮೂರು ಅಡಿ ಇತ್ತು.

ಅಕ್ಕ ಅಡಿಗೆಮನೆ ಕಿಟಕಿಯಲ್ಲಿ ನಿಂತಿದ್ದಳು. ಹೊರಗೆ ಬರಲಿಲ್ಲ.

ಜುಲೈನ ಒಂದು ಶನಿವಾರ ಅವಳು ತಾನಾಗಿಯೇ ಹೊರಬಂದು ಕೊಂಡಿ ಸಿಕ್ಕಿಸಿದಳು. ಟ್ರೇಲರಿನೊಳಗೆ ಕಾಫಿ ಪುಡಿ, ಬ್ರೆಡ್ಡು, ಒಂದು ಕಂಬಳಿ ಇಟ್ಟದ್ದನ್ನು ನೋಡಿದೆ. ನನ್ನ ಎದೆ ಹೊಡೆದುಕೊಂಡ ಸದ್ದು ಪಕ್ಕದ ಜಿಲ್ಲೆಗೂ ಕೇಳಿಸಿರಬೇಕು. ಉಂಗುರವನ್ನು ಒಂದು ತಪ್ಪಿಲ್ಲದೆ ಸುತ್ತಿದಳು. ಉಂಗುರ ಕೂಡುವ ಕವಲಿಗೆ ಬಂದು ನಿಲ್ಲಿಸಿದಳು. ನೇರ ಹೋದರೆ ರಸ್ತೆ. ಎಡಕ್ಕೆ ಹೊರಳಿದರೆ ಮತ್ತೆ ಉಂಗುರ. ಎಂಜಿನ್ನು ಗುರುಗುಡುತ್ತಿತ್ತು. ಒಂದು ದಿಮ್ಮಿ ಲಾರಿ ಹೋಯಿತು. ಆಮೇಲೆ ರಸ್ತೆ ಖಾಲಿಯಾಯಿತು. ಮೇಜು ಹಾಕಿ ಊಟಕ್ಕೆ ಕೂರಬಹುದಾದಷ್ಟು ಹೊತ್ತು ಖಾಲಿಯಾಗೇ ಇತ್ತು.

ಅವಳು ನಿಂತಲ್ಲೇ ಚಕ್ರವನ್ನು ಪೂರ್ತಿ ಎಡಕ್ಕೆ ತಿರುಗಿಸಿದಳು. ಉಂಗುರ ಸುತ್ತಿಬಂದು, ಗ್ಯಾರೇಜಿನ ಪಕ್ಕ ನಿಲ್ಲಿಸಿ, ಬ್ರೆಡ್ಡನ್ನು ಕೈಯಲ್ಲಿ ಹಿಡಿದು ಇಳಿದಳು.

"ಯಾಕಕ್ಕಾ?"

"ಲಾರಿ ಜಾಸ್ತಿ ಇವತ್ತು."

"ನಾಳೆ ಭಾನುವಾರ. ಒಂದು ಲಾರಿನೂ ಇರಲ್ಲ."

"ನಾಳೆ ಚರ್ಚಿದೆ." ಮೆಟ್ಟಿಲು ಹತ್ತಿ ನಿಂತಳು. "ನಿಮ್ಮ ಭಾವ ದಾರಿ ಬಹಳ ಚೆನ್ನಾಗಿ ಮಾಡಿದಾರೆ ಕಣೋ. ಎಷ್ಟು ಸುತ್ತು ಬೇಕಾದ್ರೂ ಹೊಡೀಬಹುದು. ಹಿಂದಕ್ಕೆ ಬಿಡೋ ಹಾಗೇ ಇಲ್ಲ."

"ನಾನು ಜೊತೆಗೆ ಬರ್ಲಾ? ಸರೋವರದ ತನಕ?"

"ನೀನಾ? ನಲವತ್ತು ಮೈಲಿ ನಿನ್ನ ಬಾಯಿ ಕೇಳ್ಕೊಂಡು?" ಎಂದು ಸ್ವಲ್ಪ ನಕ್ಕು ಒಳಗೆ ಹೋದಳು.

ಈಗ ಮೂರನೆಯ ಬೇಸಿಗೆ. ಪ್ರತಿ ಶನಿವಾರ ಅಕ್ಕ ಕೊಂಡಿ ಸಿಕ್ಕಿಸುತ್ತಾಳೆ, ಸರಪಳಿ ಹಾಕುತ್ತಾಳೆ, ದೀಪ ನೋಡುತ್ತಾಳೆ. ಎರಡು ಸುತ್ತು ಬರುತ್ತಾಳೆ. ಪ್ರತಿ ಸಲವೂ ಕವಲಿನಲ್ಲಿ ನಿಲ್ಲುತ್ತಾಳೆ. ಕಳೆದ ಆಗಸ್ಟಿನಲ್ಲಿ ಒಮ್ಮೆ ಬಹಳ ಹೊತ್ತು ನಿಂತಳು. ರಸ್ತೆಗೆ ಹೊರಳುವಾಗ ಹಾಕುವ ಬಲಗಡೆಯ ದೀಪವೂ ಎರಡು ಸಲ ಮಿನುಗಿತು. ನಾನು ಬೇಲಿಯ ಹತ್ತಿರ ನಿಂತು ಉಸಿರು ಹಿಡಿದೆ. ದೀಪ ಆರಿತು.

ನಿಂತಲ್ಲೇ ಚಕ್ರ ತಿರುಗಿಸುವುದರಿಂದ ಕವಲಿನಲ್ಲಿ ಜಲ್ಲಿ ಕಿತ್ತು ಎರಡು ಹಳ್ಳ ಬೀಳುತ್ತವೆ. ಸೋಮವಾರ ಬೆಳಿಗ್ಗೆ ನಾನು ಹೋಗಿ ಅವನ್ನು ತುಂಬಿಸಿ, ಬೂಟಿನಿಂದ ತುಳಿದು ಬರುತ್ತೇನೆ. ಒಂದೊಂದಕ್ಕೆ ಅರ್ಧ ಬಕೆಟ್ ಜಲ್ಲಿ ಹಿಡಿಯುತ್ತದೆ.